ಮುದಿ ಎತ್ತಿನ ಹಲ್ಲು ಕಟ್ಟಿದ ಸರ್ವರ್

ದಡ್ ದಡ್ ದಡ್ ಎಂದು ನಿಟ್ಟುವಳ್ಳಿಯ ಖಾರ ಕುಟ್ಟುವ ಮಿಲ್ಲು ಶುರುವಾದರೆ ಆ ಸಾಲಿನವರೆಲ್ಲ ಕಿಟಕಿ ಮುಚ್ಚಿಕೊಳ್ಳುತ್ತಾರೆ. ಮಹಾಂತೇಶ ಮಾತ್ರ ಆ ಸದ್ದಿಗೇ ಎದ್ದು, ಸೀನುತ್ತಲೇ ಸ್ನಾನ ಮುಗಿಸಿ ಹರಿಹರದ ಬಸ್ಸು ಹಿಡಿಯುತ್ತಿದ್ದ. ಅಲ್ಲಿ ಬಕ್ಕೇಶಪ್ಪನವರ ಎರಕದ ಕಾರ್ಖಾನೆಯಲ್ಲಿ ಅವನಿಗೆ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ಇನ್ನೂ ಹಂಗಾಮಿ.

ಅದು ತೊಂಬತ್ತೊಂಬತ್ತನೇ ಇಸವಿ. ಬೆಂಗಳೂರಿನ ಗಿರಾಕಿ ಕಂಪನಿಯೊಂದು ಬಿಡಿಭಾಗಗಳ ನಕ್ಷೆಗಳನ್ನು ಇಂಟರ್ನೆಟ್ಟಿನಲ್ಲೇ ಕಳಿಸತೊಡಗಿತ್ತು. ಅವನ್ನು ಇಳಿಸಿಕೊಂಡು ಕಾಯುವ ಸರ್ವರನ್ನು ಮಹಾಂತೇಶ ಹೊಸದಾಗಿ ಕೊಡಿಸಿ, ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ಹಾಕಿ, ತಾನೇ ನಿಲ್ಲಿಸಿದ್ದ. ಅದಕ್ಕೊಂದು ದುರ್ಗುಣವಿತ್ತು. ದೂರದಿಂದ ಯಾರು ಬಂದು ತಟ್ಟಿದರೂ ತನ್ನ ಹೆಸರು, ಆವೃತ್ತಿ ಎಲ್ಲವನ್ನೂ ಒಪ್ಪಿಸಿಬಿಡುತ್ತಿತ್ತು. ಬಂದವರು ಕಳ್ಳರಾದರೆ ಯಾವ ಕೀಲಿ ತರಬೇಕೆಂದು ತಿಳಿದುಕೊಂಡು ಹೋಗುತ್ತಾರೆ. ಹೆಸರು ಮುಚ್ಚಿದರೂ ಸಾಲದು. ಉತ್ತರ ಕೊಡುವ ಧಾಟಿಯಿಂದಲೇ ಗುರುತು ಹಿಡಿಯುವ, ಸ್ಕ್ಯಾನರು ಎಂಬ ತಪಾಸಣೆಯ ತಂತ್ರಾಂಶಗಳು ಆಗಲೇ ಬಂದಿದ್ದವು.

ಅವನ ಅಪ್ಪ ಕಲ್ಲೇಶಪ್ಪ ದನದ ಸಂತೆಯ ದಲ್ಲಾಳಿ. ಎತ್ತಿನ ತುಟಿ ಎತ್ತಿ ಹಲ್ಲು ನೋಡಿದರೆ ಸಾಕು, ವಯಸ್ಸು ಹೇಳುವವರು. ಮಹಾಂತೇಶನ ಉಪಾಯ ಆ ಸಂತೆಯಿಂದಲೇ ಬಂದದ್ದು. ಸರ್ವರಿನ ಸ್ವಾಗತದ ಸಾಲುಗಳನ್ನು ತಿದ್ದಿದ, ಉತ್ತರಗಳ ಅಳತೆ ಬದಲಿಸಿದ. ಹೊರಗಿನಿಂದ ಸ್ಕ್ಯಾನ್ ಮಾಡಿದವರಿಗೆ ಅದು, ತಯಾರಿಸಿದವರೇ ಕೈಬಿಟ್ಟ ಯಾವುದೋ ಮುದಿ ವ್ಯವಸ್ಥೆಯಾಗಿ ಕಾಣತೊಡಗಿತು. ಅದಕ್ಕೆಂದು ತಂದ ಕೀಲಿ ಲಿನಕ್ಸಿನ ಬೀಗದಲ್ಲಿ ತಿರುಗುವುದಿಲ್ಲ.

“ಎಳೇ ಹೋರಿಗೆ ಮುದಿ ಎತ್ತಿನ ಹಲ್ಲು ಕಟ್ಟೀನಪ್ಪ,” ಎಂದ ಮನೆಯಲ್ಲಿ.

“ಎಲ್ರೂ ಮುದಿ ಎತ್ತಿಗೆ ಎಳೇ ಹಲ್ಲು ಕಟ್ಟಾಕೆ ನೋಡ್ತಾರೆ. ನೀನೊಬ್ಬ ಉಲ್ಟಾ ಹುಟ್ಟೀಯ,” ಎಂದರು ಕಲ್ಲೇಶಪ್ಪ. “ಗಿರಾಕಿನೇ ಬಂದು ಬಾಯಿ ಬಿಚ್ಚಿ ನೋಡಿದ್ರೆ ಏನ್ ಮಾಡ್ತೀಯಲೇ?”

ಗಿರಾಕಿ ಕಂಪನಿಯವರೇ ನೋಡಲು ಬರುವುದಾಯಿತು. ನಕ್ಷೆ ಪಡೆಯುವವರ ಸರ್ವರುಗಳನ್ನೆಲ್ಲ ಕಂಪನಿ ಪರೀಕ್ಷೆ ಮಾಡುತ್ತದಂತೆ. “ಪಾಸಾದ್ರೆ ನೀನು ಕಾಯಂ,” ಎಂದರು ಬಕ್ಕೇಶಪ್ಪ, “ಫೇಲಾದ್ರೆ ಆ ಮಷಿನ್ನೂ ಬ್ಯಾಡ, ನೀನೂ ಬ್ಯಾಡ.” ಪರೀಕ್ಷಿಸುವವರೂ ಹೊರಗಿನಿಂದಲೇ ನೋಡುತ್ತಾರೆ ಎಂಬುದು ಪರೀಕ್ಷೆಯ ದಿನ ಬಸ್ಸು ದಾರಿಯ ಬಾತಿ ಊರು ದಾಟುವಾಗಲೂ ಮಹಾಂತೇಶನಿಗೆ ಹೊಳೆಯಲಿಲ್ಲ.

ಬೆಂಗಳೂರಿನಿಂದಲೇ ಸ್ಕ್ಯಾನ್ ಮುಗಿಸಿಕೊಂಡು ಬಂದಿದ್ದ ಕಂಪನಿಯ ಕೃತಿಕಾ ಚಹಾ ಕೆಳಗಿಟ್ಟು ಬಕ್ಕೇಶಪ್ಪನವರಿಗೆ ಹೇಳಿದಳು. “ಸಾರ್, ನಿಮ್ಮ ಸರ್ವರ್ ತುಂಬಾ ಹಳೇದು. ಇದರಲ್ಲಿ ನಮ್ಮ ನಕ್ಷೆ ಇಡೋಕಾಗಲ್ಲ.”

ಮಹಾಂತೇಶನಿಗೆ ಮೊದಲು ಆದದ್ದು ಸಂತೋಷ. ಆಮೇಲೆ ಬಕ್ಕೇಶಪ್ಪನವರ ಮುಖ ಕಂಡಿತು.

“ಹೊಸಾದು ಅಂತ ರೊಕ್ಕ ಇಸಗಂಡು ಹಳೇದು ತಂದಿಟ್ಟೀಯೇನಲೇ?”

“ಇಲ್ರೀ ಸಾವ್ಕಾರ್ರೆ. ಅದು ಹಳೇದಲ್ಲ, ಹಳೇದು ಅಂತ ಹೇಳ್ತೈತೆ ಅಷ್ಟೆ. ನಾನೇ ಹೇಳ್ಸೀನಿ.”

“ಯಾಕ?”

“ಕಳ್ಳರು ಮೋಸ ಹೋಗ್ಲಿ ಅಂತ್ರಿ.”

“ಕಳ್ಳರು ಎಲ್ಲೈದಾರೋ ಗೊತ್ತಿಲ್ಲ. ಮೋಸ ಹೋಗಿದ್ದು ಈ ತಾಯಿ ಒಬ್ಬಾಕೆ!”

ಕೃತಿಕಾ ನಕ್ಕುಬಿಟ್ಟಳು. “ಹಾಗಾದ್ರೆ ಒಳಗಿರೋದು ಏನು?”

ಬಾಗಿಲಲ್ಲಿ ಚಹಾದ ಹೋಟೆಲಿನ ನಿಂಗಪ್ಪ ಖಾಲಿ ಲೋಟಗಳಿಗೆ ಕಾಯುತ್ತ ನಿಂತಿದ್ದ. ಲೋಕದಿಂದಲೇ ಬಚ್ಚಿಟ್ಟಿದ್ದ ಹೆಸರನ್ನು ಮಹಾಂತೇಶ ಕೆಲಸ ಉಳಿಯಲೆಂದು ಎಲ್ಲರೆದುರು ಹೇಳಿದ, ಆವೃತ್ತಿ ಸಮೇತ. ಕೃತಿಕಾ ಸರ್ವರಿನ ಮುಂದೆ ಕೂತು ನೋಡಿ ಬಂದಳು. “ನಿಜ ಸಾರ್. ಚೆನ್ನಾಗಿದೆ. ಪಾಸ್.”

“ಲಿನಕ್ಸ್ ಅಂದ್ರಾ? ಇನ್ನೊಂದ್ಸಲ ಹೇಳ್ರಿ,” ಎಂದ ನಿಂಗಪ್ಪ. “ಹೋಟ್ಲಾಗೆ ಯಾರಾದ್ರೂ ಕೇಳಿದ್ರೆ ಹೇಳಾಕೆ ಬೇಕು.”

ಬಕ್ಕೇಶಪ್ಪ ಕುರ್ಚಿಗೆ ಒರಗಿದರು. “ಕಾಯಂ ಮಾಡ್ತೀನಿ. ಆದ್ರೆ ನಮ್ ಕಾರ್ಖಾನಿ ಮಷಿನ್ ಹಳೇದು ಅಂತ ನಾಲ್ಕು ಮಂದಿ ಅನ್ನಬಾರ್ದು. ಅಸಲಿ ಹೆಸರೇ ಹೇಳಂಗೆ ಮಾಡು. ಜತಿಗೆ ನಮ್ ಹೆಸರು, ಫೋನ್ ನಂಬರೂ ಸೇರ್ಸು. ಬಂದೋರು ಓದ್ಲಿ.”

“ಕಳ್ಳರೂ ಓದ್ತಾರ್ರಿ.”

“ಓದ್ಲಿ ಬಿಡು, ಅವರಿಗೂ ಬಿಡಿಭಾಗ ಬೇಕಾಗಬೌದು.”

ಕಾಯಂ ಎಂಬ ಮಾತು ಕಿವಿಯಲ್ಲಿ ಇನ್ನೂ ಬೆಚ್ಚಗಿತ್ತು. ಮಹಾಂತೇಶ ಎದ್ದ. “ಆತ್ರಿ, ಹೆಸರು ಹೇಳುಸ್ತೀನಿ. ನಿಮ್ದು ದೊಡ್ಡಕ್ಷರದಾಗೇ ಇರ್ತೈತೆ. ಇನ್ನ ಮಷಿನ್ ಯಾವ್ದು ಅಂತ ಕೇಳಿದ್ರೆ, ಅದು ಏನ್ ಹೇಳ್ಬೇಕು ಅನ್ನೋದನ್ನ ನಾನು ನೋಡ್ಕಂತೀನಿ…” ಎನ್ನುತ್ತಲೇ, ಇನ್ನೊಂದು ಸುಳ್ಳು ಹಲ್ಲು ಯೋಚಿಸುತ್ತ, ಸರ್ವರಿನ ಕೋಣೆಯ ಕಡೆ ನಡೆದುಹೋದ.