ನಾಯಿಯ ಎಡಮಗ್ಗಲು

ನಾನು ಬಸವಕಲ್ಯಾಣದಲ್ಲಿ ಮನೆಗಳಿಗೆ ಬಣ್ಣ ಹಚ್ಚುವವನು. ಆರನೇ ಇಯತ್ತೆಗೆ ಶಾಲೆ ಬಿಟ್ಟು ಬ್ರಷ್ ಹಿಡಿದೆ. ನಮ್ಮ ಕಸಬಿನಲ್ಲಿ ಯಾರೂ ಬಾಯಿಬಿಟ್ಟು ಹೇಳದ ನಿಯಮವೊಂದಿದೆ. ಮದುವೆ ಗೊತ್ತಾದ ಮನೆಯಲ್ಲಿ ರಸ್ತೆ ಕಡೆಯ ಗೋಡೆಗೆ ಒಳ್ಳೆಯ ಬಣ್ಣ, ಪಕ್ಕದ ಗೋಡೆಗೆ ತೆಳ್ಳನೆಯ ಸುಣ್ಣ, ಹಿಂದಿನ ಗೋಡೆಗೆ ದೇವರೇ ಗತಿ.

“ಹಿಂದಿನ ಗ್ವಾಡಿ ಯಾರ್ ನೋಡ್ತಾರೋ? ಬೀಗರು ಮುಂದಿನ ಬಾಗಲಿಂದೇ ಬರ್ತಾರ,” ಎನ್ನುತ್ತಾರೆ ಯಜಮಾನರು. ನಾನು “ಹೌದ್ರಿ” ಎಂದು ಏಣಿ ಹಾಕುತ್ತೇನೆ. ನನ್ನ ತಂಗಿಯ ನಾಯಿಗೂ ನಾನು ಇದೇ ಲೆಕ್ಕದಲ್ಲಿ ಕೆಲಸ ಮಾಡಿದೆ.

ತಂಗಿ ಇರುವುದು ಹುಮನಾಬಾದಿನಲ್ಲಿ. ಮಾಣಿಕನಗರದ ಹತ್ತಿರ ಅವಳದೊಂದು ಬಳೆ ಅಂಗಡಿ. ಹೋದ ವರ್ಷ ಅವಳ ಗಂಡನಿಗೆ ಸೊಲ್ಲಾಪುರದಲ್ಲಿ ಕಾಲಿನ ಆಪರೇಷನ್ ಎಂದಾಯಿತು. ಮನೆಯಲ್ಲಿ ಇದ್ದದ್ದು ಅವರಿಬ್ಬರು ಮತ್ತು ಉದ್ದ ಕೂದಲಿನ ಒಂದು ಬಿಳಿ ನಾಯಿ. ಆ ನಾಯಿಯನ್ನು ನಮ್ಮ ಮನೆಗೆ ತಂದು ಬಿಟ್ಟಳು. ಅದರ ಜೊತೆ ಒಂದು ಚೀಲವೂ ಬಂತು. ಎರಡು ಬ್ರಷ್, ಕೂದಲು ಬಾಚಲು ಕಬ್ಬಿಣದ ಹಲ್ಲಿನ ಹಣಗಿ, ಶಾಂಪೂ, ಕಿವಿ ಒರೆಸುವ ಔಷಧ, ಉಗುರು ಕತ್ತರಿ, ಹಲ್ಲಿಗೆ ಪೇಸ್ಟು, ಅದರದೇ ಟವೆಲ್ಲು.

ನನ್ನ ಹೆಂಡತಿ ಚೀಲದೊಳಗೆ ಬಗ್ಗಿ ನೋಡಿದಳು. “ನಮ್ಮ ಮನ್ಯಾಗ ಎಲ್ಲರಿಗಿ ಕೂಡಿ ಒಂದೇ ಹಣಗಿ ಅದ. ನಿಮಗ ಹಲ್ಲು ತಿಕ್ಕೊಳ್ರಿ ಅಂತ ನಾ ದಿನಾ ಒದರಬೇಕು. ನೀವು ನಾಯಿ ಹಲ್ಲು ತಿಕ್ಕವರೇನು?”

ತಂಗಿ ನಕ್ಕಳು. ಹೊರಡುವಾಗ ಮಾತ್ರ ನನ್ನ ಕೈ ಹಿಡಿದು ಹೇಳಿದಳು. “ಅಣ್ಣಾ, ಹಲ್ಲು, ಉಗುರು ಬಿಟ್ರೂ ನಡೀತದ. ಕಿವಿ ಹಿಂದ ಎರಡೂ ಕಡಿ ದಿನಾ ಬಾಚು. ಅಲ್ಲಿ ಕೂದಲು ಗಂಟಾದ್ರ ಹಸಿ ನಿಂತು ಚರ್ಮ ಕೊಳೀತದ. ಮೈ ತೊಳದ್ರ ಬುಡತನಕ ಒರಸಬೇಕು. ಅವರ ಕಾಲು ನಾ ನೋಡ್ಕೋತೀನಿ, ಇದನ್ನ ನೀ ನೋಡ್ಕೋ. ನಡುವ ನನಗ ಎರಡು ಚಿಂತಿ ಬ್ಯಾಡ.”

“ಏ, ಮನಿಗೆ ಬಣ್ಣ ಹಚ್ಚವನಿಗಿ ನಾಯಿಗೆ ಹಣಗಿ ಆಡಸೂದು ಏನ್ ದೊಡ್ಡದು? ಹೋಗ್ ನೀ,” ಎಂದೆ.

ಮೊದಲು ಕೆಲವು ದಿನ ಚೆನ್ನಾಗಿಯೇ ಬಾಚಿದೆ. ಓಣಿಯ ಜನ ನೋಡಲು ಬರುತ್ತಿದ್ದರು. “ಏನಪಾ, ಬಣ್ಣದ ಧಂದಾ ಬಿಟ್ಟು ನಾಯಿ ಹಜಾಮತಿ ಸುರು ಮಾಡೀದೇನು?” ಎಂದು ಒಬ್ಬ. “ನಂದೂ ಗಡ್ಡ ಬೆಳದದ, ನಂಬರ್ ಹಚ್ಚು,” ಎಂದು ಇನ್ನೊಬ್ಬ. ನನಗೆ ನಾಚಿಕೆಯಾಗಿ ಬಾಚುವುದು ಕಡಿಮೆಯಾಯಿತು. ಹಾಗೆಂದು ಇಲ್ಲಿಯವರೆಗೆ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಿಜವೆಂದರೆ ನನಗೆ ಬೇಸರ ಬಂದಿತ್ತು.

ಸಂಜೆಯಾದರೆ ತಂಗಿ ಆಸ್ಪತ್ರೆಯಿಂದ ವಿಡಿಯೋ ಕಾಲ್ ಮಾಡುತ್ತಿದ್ದಳು. ಫೋನು ಕಿಟಕಿಗೆ ಒರಗಿಸಿದರೆ ನಾಯಿಯ ಮುಖ ಮತ್ತು ಬಲಮಗ್ಗಲು ಕಾಣುತ್ತಿತ್ತು. ಕಾಲ್ ಬರುವ ಹೊತ್ತಿಗೆ ಮುಂಚೆ ಅಷ್ಟು ಭಾಗಕ್ಕೆ ಹಣಗಿ ಆಡಿಸಿ, ಹಣೆಯ ಕೂದಲು ತೀಡಿ, ಹೆಂಡತಿಯ ಪೌಡರನ್ನು ಚೂರು ಉದುರಿಸುತ್ತಿದ್ದೆ. ನಾಯಿ ಮದುಮಗನ ಹಾಗೆ ಕೂರುತ್ತಿತ್ತು.

“ಎಷ್ಟು ಚಂದ ಇಟ್ಟೀದಿ ಅಣ್ಣಾ! ನೋಡ್ರಿ, ನಮ್ಮಣ್ಣ ಹ್ಯಾಂಗ ಇಟ್ಟಾನ,” ಎಂದು ಅವಳು ಮಲಗಿದ ಗಂಡನಿಗೂ ತೋರಿಸುತ್ತಿದ್ದಳು. ಹೊಗಳಿಕೆ ಕೇಳಿ ನನಗೆ ನಿಜಕ್ಕೂ ಖುಷಿಯಾಗುತ್ತಿತ್ತು. ರಸ್ತೆ ಕಡೆಯ ಗೋಡೆ ನೋಡಿ ಬೀಗರು ತಲೆದೂಗಿದಾಗ ಆಗುವಂಥದೇ ಖುಷಿ.

ಒಂದು ದಿನ ನಾಯಿ ನನ್ನ ಬಣ್ಣದ ಡಬ್ಬಿಗೆ ಮೈ ತಾಗಿಸಿಕೊಂಡು ನೀಲಿಯಾಯಿತು. ಗಡಿಬಿಡಿಯಲ್ಲಿ ತೊಳೆದೆ. ಕಾಲ್ ಬರುವ ಹೊತ್ತಾಗಿತ್ತು, ಬಲಮಗ್ಗಲು ಒರೆಸಿದೆ. ಎಡಮಗ್ಗಲು ತಾನೇ ಒಣಗುತ್ತದೆ ಎಂದುಕೊಂಡೆ. ಗೋಡೆ ಒಣಗುವುದಿಲ್ಲವೇ?

ಆಮೇಲೆ ನಾಯಿಗೆ ಒಂದು ಚಟ ಹತ್ತಿತು. ಬಂದು ಎಡಕಿವಿಯನ್ನು ನನ್ನ ಮೊಣಕಾಲಿಗೆ ಒತ್ತಿ ನಿಲ್ಲುತ್ತಿತ್ತು, ತಲೆ ವಾರೆ ಮಾಡಿ ನನ್ನ ಮುಖ ನೋಡುತ್ತಿತ್ತು. ಕೈ ಹಾಕಿದರೆ ಕೂದಲು ಕಂಬಳಿಯ ಹಾಗೆ ಗಂಟಾಗಿತ್ತು. ಬಿಡಿಸಲು ಹೋದರೆ ಅದು ಕೊಂಯ್ಗುಟ್ಟಿತು, ನಾನು ಕೈ ತೆಗೆದೆ. ಸಂಜೆ ಕಾಲ್ ಬಂದಾಗ ಅದೇ ಎಡಮಗ್ಗಲು ತೋರಿಸಿಕೊಂಡು ಕೂತರೆ, ನಾನು ಸೊಂಟ ಹಿಡಿದು ಬಲಕ್ಕೆ ತಿರುಗಿಸುತ್ತಿದ್ದೆ. ಅದು ಮತ್ತೆ ತಿರುಗುತ್ತಿತ್ತು. ನಾನು ಮತ್ತೆ ತಿರುಗಿಸುತ್ತಿದ್ದೆ.

“ಯಾಕ ಅಣ್ಣಾ, ನಿಂದ್ರವಲ್ದಲ್ಲ ಅದು?”

“ನಿನ್ನ ನೋಡಿ ಖುಷಿ ಆಗ್ಯಾದ,” ಎಂದೆ.

ವಾಸನೆ ಸುರುವಾದಾಗ ಹೆಂಡತಿ ತಕರಾರು ತೆಗೆದಳು. ಫೋನಿನಲ್ಲಿ ವಾಸನೆ ಹೋಗುವುದಿಲ್ಲವಲ್ಲ, ಆದ್ದರಿಂದ ಬಾಧೆ ನಮಗೆ ಮಾತ್ರ. ನಾನು ಗೆಳೆಯನ ಅಂಗಡಿಯಿಂದ ಅತ್ತರು ತಂದು ಕೊರಳಪಟ್ಟಿಗೆ ಹಚ್ಚಿದೆ. “ಛಲೋ ಆತು,” ಎಂದಳು ಹೆಂಡತಿ. “ಇನ್ನ ಹೊಲಸೂ ನಾರ್ತದ, ಅತ್ತರೂ ನಾರ್ತದ.” ಅವಳು ಡಾಕ್ಟರಿಗೆ ತೋರಿಸಿ ಎಂದಳು. ಎರಡು ದಿನ ತಡಿ, ತಂಗಿಯೇ ಬರುತ್ತಾಳೆ ಎಂದೆ.

ತಂಗಿ ಸೊಲ್ಲಾಪುರದಿಂದ ಗಂಡನನ್ನು ಕರೆದುಕೊಂಡು ಬಾಡಿಗೆ ಗಾಡಿಯಲ್ಲಿ ನೇರ ನಮ್ಮ ಮನೆಗೇ ಬಂದಳು. ನಾಯಿ ಹಾರಿ ಅವಳ ಮಡಿಲಿಗೆ ಬಿತ್ತು. ಅವಳು ಮುದ್ದು ಮಾಡುತ್ತ ಎಡಕಿವಿಯ ಹಿಂದೆ ಕೈ ಹಾಕಿದಳು. ಕೈ ಅಲ್ಲೇ ನಿಂತಿತು. ನನ್ನ ಕಡೆ ನೋಡಲಿಲ್ಲ.

ಅದೇ ಗಾಡಿಯಲ್ಲಿ ನಾಯಿಯನ್ನು ಹುಮನಾಬಾದಿಗೆ ಕರೆದೊಯ್ದಳು. ಮರುದಿನ ಬೆಳಿಗ್ಗೆ ಅಲ್ಲಿಯ ದನದ ಆಸ್ಪತ್ರೆಗೆ ನಾನೂ ಹೋದೆ. ಡಾಕ್ಟರು ನಾಯಿಯನ್ನು ಮೇಜಿನ ಮೇಲೆ ಹತ್ತಿಸಿ ಆ ಕಡೆ ಈ ಕಡೆ ತಿರುಗಿಸಿದರು. “ಇದಕ್ಕ ಇಬ್ಬರು ಮಾಲಕರು ಅದಾರೇನ್ರಿ? ಒಂದು ಮಗ್ಗಲು ಸಾಹುಕಾರರ ಮನಿದು, ಒಂದು ಮಗ್ಗಲು ಬೀದೀದು.”

“ನಮ್ಮಣ್ಣಗ ಈಗ ಮದಿವಿ ಸೀಜನ್ರಿ, ಸರ್. ಭಾಳ ಕೆಲಸ,” ಎಂದಳು ತಂಗಿ, ನನ್ನನ್ನು ಉಳಿಸಲು.

ಕೂದಲಿನ ಗಂಟನ್ನು ಮೆಷಿನ್ನಿನಿಂದ ತೆಗೆದರು. ಕೆಳಗೆ ಅಂಗೈಯಗಲ ಹಸಿ ಗಾಯ, ಕಿವಿಯೊಳಗೆ ಕೀವು. ಹಿಂದೊಮ್ಮೆ ನಾನು ಏಣಿಯಿಂದ ಬಿದ್ದು ಬೆನ್ನು ಸುಲಿದುಕೊಂಡಾಗ ತಂಗಿಯೇ ಬಂದು ತೊಳೆದು ಪಟ್ಟಿ ಕಟ್ಟುತ್ತಿದ್ದಳು. ಬೆನ್ನ ಮೇಲಿನ ಆ ಗಾಯ ನನ್ನ ಕಣ್ಣಿಗೂ ಕಾಣುತ್ತಿರಲಿಲ್ಲ.

“ಕೆಲಸ ಇದ್ದಿಲ್ರಿ,” ಎಂದೆ ಡಾಕ್ಟರಿಗೆ. “ಫೋನಿನ್ಯಾಗ ಕಾಣೂವಷ್ಟೇ ಬಾಚೀನಿ. ಅದು ಕಿವಿ ತೋರಸ್ತಿತ್ತು, ನಾನೇ ತಿರುಗಿಸಿ ಕೂಡಸ್ತಿದ್ದೆ.”

ತಂಗಿ ನಾಯಿಯ ತಲೆ ಗಟ್ಟಿಯಾಗಿ ಹಿಡಿದು ನಿಂತಳು. ಹೊರಗೆ ಬಂದ ಮೇಲೆ ಇಷ್ಟೇ ಹೇಳಿದಳು: “ಆಗಂಗಿಲ್ಲ ಅಂತ ಅಂದಿದ್ರ ಬ್ಯಾರೆ ಯಾರನ್ನರ ಕೇಳ್ತಿದ್ದೆ ಅಣ್ಣಾ.”

ಗಾಯ ಮಾಯಿತು. ಆ ಕಿವಿ ಮಾತ್ರ ಈಗ ಸರಿಯಾಗಿ ಕೇಳಿಸುವುದಿಲ್ಲ. ಕೆಲಸವಿಲ್ಲದ ದಿನ ನಾನು ಬಸ್ಸು ಹತ್ತಿ ಹುಮನಾಬಾದಿಗೆ ಹೋಗುತ್ತೇನೆ, ನಾಯಿಗೆ ಬಾಚುತ್ತೇನೆ. ತಂಗಿ ಬೇಡ ಎನ್ನುವುದಿಲ್ಲ, ಚಹಾ ಕೊಡುತ್ತಾಳೆ. ಹಿಂದಿನಂತೆ ನಗುವುದು ಇನ್ನೂ ಬಾಕಿ ಇದೆ.

ನಾಯಿಗೆ ನನ್ನ ಮೇಲೆ ಸಿಟ್ಟಿಲ್ಲ. ನಾನು ಹಣಗಿ ಹಿಡಿದು ಕೂತೊಡನೆ ಓಡಿ ಬರುತ್ತದೆ, ಮತ್ತು ತಾನಾಗಿಯೇ ಬಲಮಗ್ಗಲು ತಿರುಗಿಸಿ, ಮುಖ ಎತ್ತಿ, ಕದಲದೆ ಕೂರುತ್ತದೆ. ನಾನು ಸೊಂಟ ಹಿಡಿದು ಎಡಮಗ್ಗಲು ನನ್ನ ಕಡೆ ಮಾಡಿಕೊಳ್ಳುತ್ತೇನೆ. ಅದು ಮತ್ತೆ ಬಲಕ್ಕೆ ತಿರುಗುತ್ತದೆ. ತಂಗಿ ಬಾಗಿಲಲ್ಲಿ ನಿಂತು ನೋಡುತ್ತಾಳೆ.

“ನೀನೇ ಕಲಿಸೀದಿ,” ಎನ್ನುತ್ತಾಳೆ. “ಈಗ ನೀನೇ ಬಿಡಸು.”