ಮೂಡಲಿಗೆ ತಿರುಗಿದ ಕಲ್ಲು

ಹೊಳೆಯ ದಂಡೆಯಲ್ಲಿ ನಡೆಯುವುದು ಕಷ್ಟವಲ್ಲ, ಹೊಳೆಗೆ ಇಳಿಯುವುದು ಕಷ್ಟ. ಗಂಡುಹುಡುಗರ ಶಾಲೆಯವರಿಗೆ ಈ ಮಾತು ಅರ್ಥವಾಗುತ್ತಿರಲಿಲ್ಲ. ಅವರ ಹುಡುಗರು ಪ್ರತಿವರ್ಷ ರಾಗಿ ಕೊಯ್ಲಿನ ಹೊತ್ತಿಗೆ ಹೊನ್ನುಹೊಳೆಯ ಗುಂಟ ನಡೆದು ಬರುತ್ತಿದ್ದರು. ಬಾಯಾರಿದಲ್ಲಿ ಇಳಿಯುತ್ತಿದ್ದರು, ಬೆವೆತಲ್ಲಿ ಅಂಗಿ ಬಿಚ್ಚಿ ಧುಮುಕುತ್ತಿದ್ದರು. ಮಿಕ್ಕಿದ್ದಕ್ಕೆ ಯಾವ ಪೊದೆಯಾದರೂ ಸಾಕಾಗುತ್ತಿತ್ತು.

ನಾನು ಚಾಮರಾಜನಗರದ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದೆ. ಐವತ್ತರ ದಶಕ, ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಬೆಳೆದದ್ದು ಗುಂಡ್ಲುಪೇಟೆಯ ಆಚೆ ಹಂಗಳದಲ್ಲಿ. ಕಾಡಿನಂಚಿನ ಊರು. ಕೆರೆಗೆ ಮನುಷ್ಯರು ಯಾವಾಗ ಇಳಿಯಬೇಕು, ಯಾವಾಗ ಆನೆಗೆ ಬಿಟ್ಟುಕೊಡಬೇಕು ಎಂಬುದು ಅಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಆಮೇಲೆ ಮೈಸೂರಿನ ಹಾಸ್ಟೆಲು. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ಗಂಟೆ ಹೊಡೆದರೆ ದೀಪ ಆರಿಸಬೇಕು. ಜೊತೆಯ ಹುಡುಗಿಯರು ಅದನ್ನು ಜೈಲು ಎಂದರು. ನನಗೆ ಹಿಡಿಸಿತು. ಮುಂದಿನ ಗಂಟೆಗೆ ಏನು ಮಾಡಬೇಕೆಂದು ತಿಳಿದಿದ್ದರೆ ಮನಸ್ಸು ಹಗುರವಾಗಿರುತ್ತದೆ ಎಂದು ಈಗಲೂ ನಂಬಿದ್ದೇನೆ.

ನಮ್ಮ ಹುಡುಗಿಯರೂ ಹೊಳೆಯ ಗುಂಟ ನಡೆಯಬೇಕು ಎಂದು ನಾನು ಕೇಳಿದಾಗ ಶಾಲೆಯ ಕಮಿಟಿಯ ಯಜಮಾನರು ನಗಲಿಲ್ಲ, ಅದೇ ದೊಡ್ಡದು. ಅವರು ಜಮೀನುಳ್ಳವರು, ಸಂತೆಮರಹಳ್ಳಿಯಲ್ಲಿ ಕಾಳುಕಡ್ಡಿಯ ಮಂಡಿ ಇಟ್ಟಿದ್ದವರು. ಹಣೆ ತುಂಬ ವಿಭೂತಿ, ಮಾತು ಕಡಿಮೆ.

"ನಡೀಲಿ, ಬ್ಯಾಡ ಅನ್ನಕ್ಕಿಲ್ಲ. ಆದ್ರೆ ಎಲ್ಲಿ ಇಳೀತಾರಮ್ಮ ಹೆಣ್ಮಕ್ಳು? ಎಲ್ಲಿ ಮೀಯ್ತಾರೆ? ಮರೆ ಎಲ್ಲೈತೆ? ಅದ ಹೇಳು ಮೊದ್ಲು."

"ನೋಡ್ಕೊಂಡು ಬಂದು ಹೇಳ್ತೀನಿ," ಎಂದೆ.

ನೋಡಿಕೊಂಡು ಬರಲು ಜೊತೆಗೆ ಶಾಲೆಯ ಆಯಮ್ಮನನ್ನು ಕರೆದುಕೊಂಡೆ. ಚಂದಕವಾಡಿ ಕಡೆಯ ವಿಧವೆ, ನಾಲಿಗೆ ಹರಿತ. ಇಬ್ಬರೂ ಹೊಳೆ ಇಳಿದು ಬರುವ ಬೆಟ್ಟದ ಬುಡದಿಂದ ಹೊಳೆಯ ಮೂಡಣ ದಂಡೆ ಹಿಡಿದು ಬಡಗಲಿಗೆ ನಡೆದೆವು. ನನಗೆ ಬೇಕಾದದ್ದು ಸ್ಪಷ್ಟವಿತ್ತು. ಇಳಿಜಾರು ಗಟ್ಟಿಯಾಗಿರಬೇಕು, ಕೆಸರು ಕಾಲು ಹಿಡಿಯಬಾರದು. ನೀರು ಮೊಣಕಾಲು ಮೀರಬಾರದು. ಒರತೆ ತೋಡಿ ಕುಡಿಯುವ ನೀರು ತೆಗೆಯಲು ಮರಳು ಬೇಕು. ಉಣ್ಣಲು ಹೊಂಗೆಯ ನೆರಳು ಬೇಕು. ಸೀರೆ ಕಟ್ಟಿ ಮರೆ ಮಾಡಲು ಲಕ್ಕಿಯ ಪೊದೆ ಎರಡು ಕಡೆ ಬೇಕು: ಮೀಯುವುದಕ್ಕೆ ಒಂದು, ಮಿಕ್ಕಿದ್ದಕ್ಕೆ ದೂರದಲ್ಲಿ ಇನ್ನೊಂದು.

ಪ್ರತಿ ಊರಿನ ಬಳಿಯೂ ಒಳ್ಳೆಯ ಮೆಟ್ಟಿಲುಗಳೇ ಇದ್ದವು. ಆದರೆ ಊರಿನವರು ಇಳಿಯುವ ಜಾಗ ಒಂದು, ಕೇರಿಯವರು ಇಳಿಯುವ ಜಾಗ ಅದರ ಕೆಳಗೆ ಇನ್ನೊಂದು. ನನ್ನ ಸಾಲಿನಲ್ಲಿ ಎಲ್ಲ ಮನೆಯ ಹುಡುಗಿಯರೂ ಇದ್ದರು. ಮೇಲಿನ ಮೆಟ್ಟಿಲಿಗೆ ಹೋದರೆ ಯಾವಳು ಯಾರ ಮಗಳು ಎಂಬ ಪ್ರಶ್ನೆ ಬರುತ್ತಿತ್ತು. ಸಾಲನ್ನು ಒಡೆಯಲು ನಾನು ತಯಾರಿರಲಿಲ್ಲ. ಆದ್ದರಿಂದ ಊರಿನವರೂ ಕೇರಿಯವರೂ ಇಳಿಯದ ಜಾಗಗಳನ್ನೇ ಹುಡುಕಿದೆ.

ಅಂಥ ಜಾಗಕ್ಕೆ ಗುರುತು ಬೇಕು. ಎಲ್ಲರೂ ಒಟ್ಟಿಗೆ ಮೀಯುವಷ್ಟು ಮರೆ ಎಲ್ಲೂ ಇರಲಿಲ್ಲವಾದ್ದರಿಂದ ಎರಡು ತಂಡ ಮಾಡಬೇಕಿತ್ತು. ಮೊದಲನೆಯದು ನನ್ನದು. ಅದು ಮಿಂದು, ಉಂಡು ಹೊರಟ ಮೇಲೆ ನಮ್ಮ ಶಾಲೆಯ ಹೊಲಿಗೆ ಟೀಚರ್ ಎರಡನೆಯದನ್ನು ಕರೆತರಬೇಕು. ಅವರಿಗೆ ದಾರಿ ಹೇಳಲು ನಾನು ಪ್ರತಿ ಜಾಗದ ಮೇಲ್ದಂಡೆಯಲ್ಲಿ ಒಂದು ಚಪ್ಪಡಿ ಕಲ್ಲು ನೆಟ್ಟೆ. ದೂರಕ್ಕೆ ಕಾಣಲೆಂದು ಒಂದು ಬದಿಗೆ ಸುಣ್ಣ, ಕೆಮ್ಮಣ್ಣುಗಳ ಬಿಳಿ ಕೆಂಪು ಪಟ್ಟೆ ಹೊಡೆದೆ. ನಿಯಮ ಒಂದೇ: ಬಣ್ಣದ ಬದಿ ಕಲ್ಲಿನ ಮುಖ. ಮುಖ ಎತ್ತ ನೋಡುತ್ತದೋ ಅತ್ತ ಇಳಿಯಬೇಕು.

"ಮುಖ ಅಂತೀರಿ, ಬೋಳು ಹಣೆ ಬುಟ್ಟಿದ್ದೀರಿ," ಎಂದು ಆಯಮ್ಮ ಮಿಕ್ಕ ಕೆಮ್ಮಣ್ಣಲ್ಲಿ ಪ್ರತಿ ಕಲ್ಲಿಗೂ ಒಂದು ದುಂಡನೆಯ ಬೊಟ್ಟು ಇಟ್ಟಳು. "ನನ್ನ ಹಣೇಗಂತೂ ಇಲ್ಲ, ಇವ್ಳಾದ್ರೂ ಇಟ್ಕಳ್ಳಿ."

ನಾನು ತಡೆಯಲಿಲ್ಲ. ಬೊಟ್ಟಿದ್ದರೆ ಮುಖ ಇನ್ನೂ ಚೆನ್ನಾಗಿ ಕಾಣುತ್ತದೆ ಎನಿಸಿತು.

ಯಜಮಾನರು ನನ್ನ ವಿವರಗಳನ್ನೆಲ್ಲ ಕೇಳಿದರು. ನಾನು ಆರಿಸಿದ ಕೊನೆಯ ಇಳಿಜಾರು ಒಂದು ಕಡ, ಎಂದರೆ ಕಾಲ್ನಡೆಯಲ್ಲೇ ದಾಟುವಷ್ಟು ಆಳವಿಲ್ಲದ ಜಾಗ. ಅದನ್ನು ದಾಟಿದರೆ ಸಂತೆಮರಹಳ್ಳಿಯ ದಾರಿ, ಅಲ್ಲಿಂದ ಬಸ್ಸು. "ಕಡದ ಆಚೆ ದಡದಲ್ಲಿ ನಾನೇ ನಿಂತಿರ್ತೀನಿ," ಎಂದರು. "ಹೊತ್ತು ಮುಳುಗೋದ್ರೊಳಗೆ ಹೋದಷ್ಟು ತಲೆ ನನ್ನ ಕಣ್ಮುಂದೆ ಬಂದು ನಿಲ್ಬೇಕು. ಒಂದು ಮಗ ಅತ್ತಿತ್ತ ಆಯ್ತೋ, ಇದೇ ಮೊದ್ಲು, ಇದೇ ಕಡೆ. ಆಮೇಲೆ ಹೆಣ್ಮಕ್ಳ ನಡಿಗೆ ಅನ್ನೋ ಮಾತೇ ನನ್ತಾವ ಎತ್ಬ್ಯಾಡ."

"ಆಗ್ಲಿ," ಎಂದೆ.

ಮೊದಲ ದಿನ ಎಲ್ಲವೂ ಗಂಟೆ ಹೊಡೆದ ಹಾಗೆ ನಡೆಯಿತು. ಹುಚ್ಚೆಳ್ಳಿನ ಹೊಲಗಳ ಹಳದಿಯ ನಡುವೆ ನೀಲಿ ಲಂಗದ ಸಾಲು. ಪ್ರತಿ ಕಲ್ಲಿನ ಮುಂದೆ ಸಾಲು ನಿಲ್ಲಬೇಕು. ಒಬ್ಬೊಬ್ಬಳೂ ಬಲಗೈ ಎತ್ತಿ ತನ್ನ ಸಂಖ್ಯೆ ಕೂಗಬೇಕು. ಆಮೇಲೆ ಕಲ್ಲು ನೋಡುವ ದಿಕ್ಕಿಗೆ ಎಲ್ಲರೂ ಒಟ್ಟಿಗೆ ತಿರುಗಿ ಇಳಿಯಬೇಕು. ರಾತ್ರಿ ಹೊಳೆ ಬಿಟ್ಟು ಚಂದಕವಾಡಿಯ ಶಾಲೆಯಲ್ಲಿ ಮಲಗಿದೆವು. ಹುಡುಗಿಯರು ಪಿಸುಗುಟ್ಟಿ ನಗುತ್ತಿದ್ದರು, ಆಯಮ್ಮ ಬೈಯುತ್ತಿದ್ದಳು. ನಾನು ನಿದ್ದೆ ಮಾಡಿದೆ.

ಎರಡನೆಯ ದಿನ ಮಧ್ಯಾಹ್ನ ನನ್ನ ತಂಡ ಕೊನೆಯ ಕಲ್ಲಿನ ಮುಂದೆ ನಿಂತಿತು, ಕೂಗಿತು, ತಿರುಗಿತು, ಇಳಿಯಿತು. ಮಿಂದು, ಬುತ್ತಿ ಬಿಚ್ಚಿ ಉಂಡು, ಲಂಗ ಎತ್ತಿ ಹಿಡಿದು ಕಡ ದಾಟಿದೆವು. ಯಜಮಾನರು ಹೇಳಿದಂತೆ ಆಚೆ ದಡದಲ್ಲಿ ಗಾಡಿ ಬಿಡಿಸಿ ಕೂತಿದ್ದರು. ನಮ್ಮ ತಲೆಗಳನ್ನು ಕಣ್ಣಲ್ಲೇ ಎಣಿಸಿದರು.

"ಅರ್ಧ ಬಂತು," ಎಂದರು.

"ಇನ್ನರ್ಧ ಬರ್ತಿದೆ."

ಬರಲಿಲ್ಲ. ಎತ್ತಿನ ಗಾಡಿಯ ನೆರಳು ಉದ್ದವಾಗುತ್ತ ಹೋಯಿತು. ಕಲ್ಲು ಇದ್ದದ್ದು ಎದುರು ದಂಡೆಯ ಮೇಲೆ, ಲಕ್ಕಿ ಪೊದೆಗಳ ಹಿಂದೆ. ಇಲ್ಲಿಂದ ಕಾಣುತ್ತಿರಲಿಲ್ಲ. ಸೀಟಿ ಊದಿದೆ. ಒಂದು ಕೊಕ್ಕರೆ ಎದ್ದು ಹಾರಿತು, ಅಷ್ಟೇ.

"ಯಾಕಮ್ಮ, ನಿನ್ನ ಕಲ್ಲು ಮಾತು ಮರೀತಾ?" ಎಂದರು ಯಜಮಾನರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

ದೊಡ್ಡ ಹುಡುಗಿಯೊಬ್ಬಳಿಗೆ ಸಾಲನ್ನು ಒಪ್ಪಿಸಿ ನಾನೂ ಆಯಮ್ಮನೂ ಮತ್ತೆ ನೀರಿಗಿಳಿದೆವು. ಹೊಳೆಯ ನಡುವೆ ಆಯಮ್ಮ ಒಂದೇ ಸಮನೆ ಗೊಣಗುತ್ತಿದ್ದಳು. ನಾನು ಹೆಜ್ಜೆ ಬಿರುಸು ಮಾಡಿದೆ. ಹೆದರಿಕೆಗೆ ಆಮೇಲೆ ಸಮಯ ಕೊಟ್ಟರಾಯಿತು ಎಂದುಕೊಂಡೆ.

ದಂಡೆ ಹತ್ತಿದರೆ ಕಲ್ಲು ಇತ್ತು. ಆದರೆ ಅದು ನನ್ನ ಕಲ್ಲಾಗಿರಲಿಲ್ಲ. ತೊಳೆದು, ಕುಂಕುಮ ಬಳಿದು, ಹುಚ್ಚೆಳ್ಳು ಹೂವಿನ ಮಾಲೆ ಹಾಕಿದ್ದರು. ಮುಂದೆ ಒಡೆದ ತೆಂಗಿನಕಾಯಿ. ಪಡುವಲಿಗೆ, ಹೊಳೆಯ ಕಡೆಗೆ ಇದ್ದ ಮುಖ ಈಗ ಮೂಡಲಿಗೆ, ಹೊಲಗಳ ಕಡೆಗಿತ್ತು. ರಾಗಿ ಕೊಯ್ಯುತ್ತಿದ್ದ ಮೂರು ನಾಲ್ಕು ಹೆಂಗಸರು ಸುತ್ತ ಕೂತಿದ್ದರು.

"ಈ ಕಲ್ಲನ್ನ ಯಾರು ತಿರುಗಿಸಿದ್ದು?" ಎಂದೆ.

"ಕಲ್ಲು ಅನ್ಬ್ಯಾಡಿ ಕಣವ್ವ," ಎಂದಳು ಕುಡುಗೋಲು ಹಿಡಿದ ಹಿರಿಯಳು. "ಅವ್ವನ್ನ ನಾವೇ ತಿರುಗ್ಸುದ್ದು. ಪಾಪ, ಹೊತ್ತು ಮುಳುಗೋ ಕಡೀಕೆ ಮಖ ಮಾಡ್ಕಂಡು ನಿಂತಿದ್ಲು. ಯಾವೋ ತಿಳಿಗೇಡಿಗಳು ನಿಲ್ಸ್ಬುಟ್ಟು ವೋಗವ್ರೆ."

ಆಯಮ್ಮ ಆಕಾಶ ನೋಡಿದಳು.

"ನಿಮಗೆ ಇದು ದೇವರು ಅಂತ ಯಾರು ಹೇಳಿದ್ರು?"

"ಬಂದು ಸುಮಾರು ದಿನಾಯ್ತು ಕಣವ್ವ. ದೇವ್ರೋ ಮಾಟವೋ ಅಂತ ನಾವೂ ದೂರದಿಂದ್ಲೇ ನೋಡ್ತಿದ್ದೊ. ಇವತ್ತು ನಿಮ್ಮ ಕೂಸುಗಳು ಬಂದು ಸಾಲಾಗಿ ನಿಂತ್ಕಂಡು ಕೈ ಎತ್ತಿ ಮಂತ್ರ ಯೋಳುದ್ವಲ್ಲ, ಆಗ ಗೊತ್ತಾಯ್ತು."

"ಅದು ಮಂತ್ರ ಅಲ್ಲ. ಎಣಿಕೆ."

"ಏನೋ ಒಂದು. ಬಾಯ್ತುಂಬ ಯೋಳುದ್ವು."

"ಇನ್ನೊಂದು ಗುಂಪು ಬಂತಾ?"

"ಬಂತಲ್ಲ! ಅವ್ವನ ಮುಂದೆ ನಿಂತ್ಕಂಡು ಅದೇ ಮಂತ್ರ ಯೋಳುದ್ವು. ಆಮೇಲೆ ಅವ್ವ ನೋಡೋ ಕಡೀಕೆ ಸರಕ್ಕನೆ ತಿರುಗಿ ನಮ್ಮೂರ್ ಕಡೆ ವೊಂಟೋದ್ವು."

"ಹೊಳೆ ಈ ಕಡೆ ಅಂತ ಒಂದು ಮಾತು ಹೇಳ್ಬಾರ್ದಾಗಿತ್ತಾ?"

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ಅವ್ವ ತೋರ್ಸುದ್ ದಾರಿಗ ನಾವ್ಯಾರವ್ವ ಅಡ್ಡ ಬರಕ್ಕೆ?"

ನಾನು ಬಗ್ಗಿ ಕಲ್ಲಿಗೆ ಕೈ ಹಾಕಿದೆ. ಹೆಂಗಸರು ಒಟ್ಟಿಗೆ ಎದ್ದು ನಿಂತರು. ಆಯಮ್ಮ ನನ್ನ ರಟ್ಟೆ ಹಿಡಿದಳು. "ಮೊದ್ಲು ಮಕ್ಳು, ಮೇಷ್ಟ್ರಮ್ಮ. ಕಲ್ಲು ಎಲ್ಲೂ ವೋಗಕ್ಕಿಲ್ಲ, ಬನ್ನಿ."

ಕಲ್ಲು ನೋಡುತ್ತಿದ್ದ ದಿಕ್ಕಿಗೇ ಓಡಿದೆವು. ಕೊಯ್ದ ರಾಗಿಯ ಕೂಳೆ ಕಾಲಿಗೆ ಚುಚ್ಚುತ್ತಿತ್ತು. ಹೊಲಗಳಾಚೆ ಒಂದು ಕೆರೆ ಏರಿ. ಏರಿ ಹತ್ತಿದರೆ ಕೆಳಗೆ ಕಲ್ಲಿನ ಮೆಟ್ಟಿಲ ಮೇಲೆ ನನ್ನ ಎರಡನೆಯ ತಂಡ ಸಾಲಾಗಿ ಕೂತಿತ್ತು. ಎಲ್ಲರೂ ಮಿಂದಿದ್ದರು, ತಲೆ ಬಾಚಿ ಜಡೆ ಹಾಕಿದ್ದರು, ಹಣೆಗೆ ಹೊಸ ಕುಂಕುಮವಿತ್ತು. ಊರವರು ಕೊಟ್ಟ ಬೇಯಿಸಿದ ಅವರೆಕಾಯಿ ಸುಲಿದು ತಿನ್ನುತ್ತಿದ್ದರು. ಎಣಿಸಿದೆ. ಎಲ್ಲರೂ ಇದ್ದರು. ಆಮೇಲೆ ಏರಿ ಇಳಿದೆ.

ಹೊಲಿಗೆ ಟೀಚರ್ ಎದ್ದು ನಿಂತರು. "ಕಲ್ಲು ಹೇಳಿದ ಹಾಗೇ ಬಂದ್ವಿ. ಕೆರೆ ಸಿಕ್ತು."

"ಹೊಳೆ ಆ ಕಡೆ ಇರೋದು ನಿಮಗೆ ಕಾಣ್ಸಲಿಲ್ವಾ?"

"ಕಾಣ್ಸಿತು. ಆದ್ರೆ ಕಲ್ಲಿನ ಮಾತು ಮೀರ್ಬೇಡಿ ಅಂತ ನೀವೇ ಹೇಳಿದ್ರಲ್ಲ. ಜಾಗ ಬದಲಾಯಿಸಿರ್ಬೇಕು ಅಂದ್ಕೊಂಡೆ."

ಶಿಸ್ತು ಕಲಿಸಿದವಳು ನಾನೇ.

ಆಯಮ್ಮ ಮಾತ್ರ ಆ ಮೆಟ್ಟಿಲುಗಳನ್ನೇ ನೋಡುತ್ತಿದ್ದಳು. ಅವು ಊರಿನವರು ಇಳಿಯುವ ಮೆಟ್ಟಿಲು. "ಯಾರೂ ಏನೂ ಕೇಳ್ಲಿಲ್ವಾ?" ಎಂದು ಮೆಲ್ಲಗೆ ಕೇಳಿದಳು.

"ಏನು ಕೇಳ್ಬೇಕಿತ್ತು?" ಎಂದರು ಹೊಲಿಗೆ ಟೀಚರ್. "ಅವ್ವ ಕಳ್ಸಿದ ಮಕ್ಕಳು ಅಂತ ಕೈ ಹಿಡಿದು ಇಳಿಸಿದ್ರು."

"ಏನಿಲ್ಲ ಬುಡಿ," ಎಂದಳು ಆಯಮ್ಮ. ಒಂದು ಅವರೆಕಾಯಿ ಎತ್ತಿ ಬಾಯಿಗೆ ಹಾಕಿಕೊಂಡಳು.

ಸಾಲು ಕಟ್ಟಿಸಿ ಬಿರುಸಾಗಿ ನಡೆಸಿದೆ. ಕಡ ದಾಟುವಾಗ ನೀರು ಕೆಂಪಾಗಿತ್ತು, ಸೂರ್ಯ ಇನ್ನೂ ಮರದ ತುದಿಯಲ್ಲಿದ್ದ. ಯಜಮಾನರು ಗಾಡಿಯಿಂದಿಳಿದು ನಿಂತಿದ್ದರು. ಎರಡು ಸಾಲನ್ನೂ ಎಣಿಸಿದರು. ಇನ್ನೊಮ್ಮೆ ಎಣಿಸಿದರು.

"ತಲೆ ಸರಿಗೈತೆ," ಎಂದರು. "ದಾರಿ ಸರಿಗಿರ್ನಿಲ್ಲ. ಏನಾಯ್ತು ಹೇಳು."

ಒಂದನ್ನೂ ಬಿಡದೆ ಹೇಳಿದೆ. ಸುಣ್ಣ, ಕೆಮ್ಮಣ್ಣು, ಎಣಿಕೆ, ಕುಂಕುಮ, ಕೆರೆ. ಬೊಟ್ಟಿನ ವಿಷಯವನ್ನು ಆಯಮ್ಮನೇ ಸೇರಿಸಿದಳು. "ಬೊಟ್ಟು ಇಟ್ಟವ್ಳು ನಾನು ಬುದ್ಧೀ. ಬೋಳಾಗಿತ್ತು, ನೋಡಕ್ಕಾಗ್ನಿಲ್ಲ."

ಯಜಮಾನರು ಅವಳನ್ನು ನೋಡಿದರು, ನನ್ನನ್ನು ನೋಡಿದರು. "ಗುಡಿ ಗ್ವಾಡೆಗೆ ಹೊಡಿಯೋ ಪಟ್ಟೆ ಹೊಡ್ದು, ಬೊಟ್ಟಿಟ್ಟು, ಮುಂದೆ ಮಕ್ಳ ನಿಲ್ಸಿ ಕೈ ಎತ್ತಿಸಿದ್ಮ್ಯಾಲೆ ಅದು ದೇವ್ರಾಗ್ದೆ ಇನ್ನೇನಾದದು? ಇರ್ಲಿ. ವರ್ಷ ವರ್ಷ ಹೋಗ್ಬೇಕು ಅಂತೀಯ. ಮುಂದಿನ್ವರ್ಷ ಇನ್ನೊಂದು ಕಲ್ಲು ತಿರುಗ್ತದೆ. ಅದಾದ್ಮ್ಯಾಲೆ ಮತ್ತೊಂದು. ಎಷ್ಟು ಊರಿನವ್ರ ಜೊತೆ ಜಗಳಾಡ್ತೀಯ?"

"ಯಾರ ಜೊತೇನೂ ಆಡೋದಿಲ್ಲ," ಎಂದೆ. ದಾರಿಯುದ್ದಕ್ಕೂ ಅದನ್ನೇ ಯೋಚಿಸಿಕೊಂಡು ಬಂದಿದ್ದೆ. "ಮಿಕ್ಕ ಕಲ್ಲುಗಳನ್ನೂ ನಾನೇ ಹೋಗಿ ಮೂಡಲಿಗೆ ತಿರುಗಿಸ್ತೀನಿ. ನಾವು ನಡೆಯೋದು ಮೂಡಣ ದಂಡೇಲಿ. ಹೊಳೆ ಯಾವಾಗ್ಲೂ ಪಡುವಲಿಗೇ ಇರುತ್ತೆ. ನಿಯಮ ಬದಲಾಯಿಸ್ತೀನಿ. ಕಲ್ಲಿನ ಮುಖ ನೋಡ್ಬಾರ್ದು, ಬೆನ್ನು ನೋಡ್ಬೇಕು. ಬೆನ್ನು ಎತ್ತಲೋ ಹೊಳೆ ಅತ್ತ. ಮೂಡಲಿಗೆ ನಿಂತ ದೇವರನ್ನ ಯಾರೂ ತಿರುಗಿಸೋದಿಲ್ಲ."

ಎತ್ತಿನ ಕೊರಳಗಂಟೆ ಅಲ್ಲಾಡಿತು.

"ಬೊಟ್ಟು?" ಎಂದರು.

"ಇರ್ಲಿ."

"ಕಾಯಿ ಒಡಿಯೋರು ಒಡೀತಾರೆ."

"ಒಡೀಲಿ. ಕಲ್ಲು ಅಲ್ಲಾಡದಿದ್ರೆ ನನಗೆ ಸಾಕು."

ಯಜಮಾನರ ಮೀಸೆಯ ಕೆಳಗೆ ಏನೋ ಸರಿದಾಡಿತು. "ಹತ್ರಿ ಮಕ್ಳಾ, ಬಸ್ಸು ತಪ್ಪೋದದು," ಎಂದು ಚಿಕ್ಕವರನ್ನು ಗಾಡಿಗೆ ಹತ್ತಿಸಿದರು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು: "ಮುಂದಿನ್ವರ್ಷ ನಮ್ಮನೆ ಕೂಸೂ ಬತ್ತದೆ. ಅವ್ವನ್ನ ನೋಡ್ಕ ಬತ್ತೀನಿ ಅಂತ ಹೇಳುದ್ರೆ ಅವರಜ್ಜಿ ಬ್ಯಾಡ ಅನ್ನಕ್ಕಿಲ್ಲ."

ದೇವರ ನೆಪದಲ್ಲಿ ಅನುಮತಿ ಪಡೆಯುವುದು ನನ್ನ ಸ್ವಭಾವಕ್ಕೆ ಒಗ್ಗುವ ಮಾತಲ್ಲ. ಆದರೂ ತೆಗೆದುಕೊಂಡೆ.

ಮುಂದಿನ ವಾರ ಆಯಮ್ಮನೂ ನಾನೂ ಹೋಗಿ ಮಿಕ್ಕ ಕಲ್ಲುಗಳನ್ನು ತಿರುಗಿಸಿ ನೆಟ್ಟು ಬಂದೆವು. ಆಮೇಲೆ ಶಾಲೆಯ ಬಯಲಿನಲ್ಲಿ ಎಲ್ಲ ಹುಡುಗಿಯರನ್ನು ಮೂಡಲಿಗೆ ಮುಖ ಮಾಡಿ ನಿಲ್ಲಿಸಿದೆ. ಬೆಳಗಿನ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಹೊಲಿಗೆ ಟೀಚರೂ ಸಾಲಿನ ಕೊನೆಯಲ್ಲಿ ನಿಂತರು. ನಾನು ಕರೆಯದೇ ಅವರಾಗಿ ಬಂದು ನಿಂತಿದ್ದರು.

"ನೀವೀಗ ಕಲ್ಲು," ಎಂದೆ. "ಹೊಳೆ ಎಲ್ಲಿದೆ?"

ಕಣ್ಣು ಕಿರಿದು ಮಾಡಿಕೊಂಡು ನಿಂತ ಅಷ್ಟೂ ಹುಡುಗಿಯರು, ಒಬ್ಬಳೂ ಹಿಂದಿರುಗಿ ನೋಡದೆ, ಹೆಬ್ಬೆರಳನ್ನು ಭುಜದ ಮೇಲಿಂದ ಹಿಂದಕ್ಕೆ ತೋರಿಸಿದರು.