ಆಪಾ ಹಿಡಿದಿಟ್ಟ ಜಾಗ

ಹೋದ ತಿಂಗಳು ಚಾಮರಾಜನಗರದ ಗುಜರಿ ಅಂಗಡಿಯೊಂದರ ಮುಂದೆ, ಮುರಿದ ಫ್ಯಾನುಗಳ ನಡುವೆ ಹಳೆಯ ಮೋಡೆಮ್ ಒಂದು ಕಂಡಿತು. ಕೈಗೆತ್ತಿಕೊಂಡೆ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಆಪಾ ನೆನಪಾದರು; ಅಕ್ಕ ಎಂಬ ಅರ್ಥದಲ್ಲಿ ನಾನು ಅವರನ್ನು ಹಾಗೇ ಕರೆಯುತ್ತಿದ್ದೆ...

ಎರಡು ಸಾವಿರದ ಆಚೀಚಿನ ಮಾತು. ಅರಿಶಿನ ಬೆಳೆಗಾರರ ಸಂಘವೊಂದರ ಕಂಪ್ಯೂಟರ್ ವಿಭಾಗದಲ್ಲಿ ನಾವಿಬ್ಬರೂ ಗುತ್ತಿಗೆ ನೌಕರರು. ಆಪಾ ಬೆಳಿಗ್ಗೆ ಬಂದವರೇ ಬುರ್ಖಾ ಮಡಚಿಟ್ಟು, ಇಂಥದೇ ಮೋಡೆಮ್ ಮೂಲಕ ಫೋನ್ ಲೈನಿನಲ್ಲಿ ಗುಂಡ್ಲುಪೇಟೆ ಶಾಖೆಯ ಲೆಕ್ಕವೆಲ್ಲ ಇರುವ ಯುನಿಕ್ಸ್ ಸರ್ವರ್ ಹಿಡಿದು, ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ನೋಡುತ್ತಿದ್ದರು. ಆಮೇಲೆಯೇ ಟೀ. ಡಿಸ್ಕ್ ತುಂಬಿದರೆ ತೂಕದ ವಿವರ ಒಳಗೆ ಹೋಗುವುದಿಲ್ಲ. ಅರಿಶಿನ ತಂದವರು ಮೂಟೆಯ ಮೇಲೆ ಕೂತು ನಮಗೆ ಹಿಡಿಶಾಪ ಹಾಕುತ್ತಾರೆ.

ಅದಕ್ಕೇ ಅವರು ಆ ಸರ್ವರಿನಲ್ಲಿ ಒಂದು ದೊಡ್ಡ ಫೈಲು ಇಟ್ಟಿದ್ದರು. ಒಳಗೆ ಬರೀ ಸೊನ್ನೆ. ಡಿಸ್ಕ್ ಇನ್ನೇನು ತುಂಬಿತು ಎನ್ನುವಾಗ ಅದನ್ನು ಅಳಿಸಿದರೆ ಆ ದಿನ ನೂಕಲು ಜಾಗ ಸಿಗುತ್ತಿತ್ತು. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗಾಯ್ತು ಎಂದು ನಾನು ರೇಗಿಸುತ್ತಿದ್ದೆ.

ಗುಂಡ್ಲುಪೇಟೆಯ ಆಪರೇಟರ್ ಹಂಗಳದವನು, ಬಲು ಚೊಕ್ಕ. ರಸ್ತೆ ಅಗೆದು ಫೋನ್ ಲೈನ್ ಸತ್ತಿದ್ದ ವಾರದಲ್ಲಿ ಅವನು ಆ ಫೈಲನ್ನು ಅಳಿಸಿ, ಆ ಜಾಗಕ್ಕೆ ಹಳೆಯ ವರ್ಷಗಳ ವಿವರ ತುಂಬಿಬಿಟ್ಟ. ಅರಿಶಿನ ರಾಶಿ ಬಿದ್ದ ದಿನವೇ ಡಿಸ್ಕ್ ತುಂಬಿ ಎಲ್ಲ ನಿಂತಿತು. ಲೈನ್ ಬಂದ ಮೇಲೆ ಅವನು ಆಪಾಗೆ ಫೋನ್ ಮಾಡಿದ. "ಒಳಗೆ ಏನೂ ಇರ್ನಿಲ್ಲ ಕಣಕ್ಕ, ಕಸ ಅಂತ ತೆಗ್ದಾಕ್ಬುಟ್ಟೆ."

ಅವನ ಕೆಲಸ ಖಾಯಂ ಆಗುವ ತಿಂಗಳು ಅದು. ಮೇಲಿನವರು ವಿಚಾರಿಸಿದಾಗ ಆಪಾ, ಜಾಗ ನೋಡಿಕೊಳ್ಳದೇ ಹೋದದ್ದು ತಮ್ಮ ತಪ್ಪು ಎಂದುಬಿಟ್ಟರು. ಹೊರಗೆ ಬಂದಾಗ ನಾನು ಆಪಾರ ಮೇಲೆ ಕೂಗಾಡಿದೆ. ಅವರ ಅಮ್ಮನ ಔಷಧಿ ಆ ಸಂಬಳದಲ್ಲೇ ನಡೆಯುತ್ತಿತ್ತು.

"ಆ ಫೈಲ್ ಯಾತಕ್ಕೆ ಅಂತ ನಾನು ಅವ್ನಿಗೆ ಹೇಳೇ ಇರ್ಲಿಲ್ಲ" ಎಂದರು. "ಇದು ಅವ್ನಿಗೆ ಗೊತ್ತಾಗ್ಬಾರ್ದು. ಮಾತು ಕೊಡು."

ಕೊಟ್ಟೆ. ಆಪಾರ ಗುತ್ತಿಗೆ ಮುಂದುವರಿಯಲಿಲ್ಲ. ಆಮೇಲೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಾರೆಂದು ಕೇಳಿದ್ದೆ...

ಮೋಡೆಮ್ ಹಿಡಿದುಕೊಂಡು ಅವರ ಬೀದಿಗೆ ಹೋದೆ. ಬಾಗಿಲಿಗೆ ಬಂದ ಅವರ ತಮ್ಮ, ಆಪಾ ತೀರಿಕೊಂಡು ಎರಡು ವರ್ಷವಾಯಿತು ಎಂದರು. ಚಹಾ ಕೊಟ್ಟರು. ಕುಡಿಯಲಾಗಲಿಲ್ಲ.

ಹಂಗಳದವನು ಈಗ ಆ ಶಾಖೆಯ ಮುಖ್ಯಸ್ಥ. ಸುದ್ದಿ ಹೇಳಲು ಫೋನ್ ಮಾಡಿದೆ. "ಅವತ್ತು ನಂಗೆ ಒಂದ್ ಮಾತೂ ಯೋಳ್ದೆ ಕೆಲ್ಸ ಬುಟ್ಟು ಒಂಟೋದ್ರಲ್ಲಣ್ಣ" ಎಂದ. ಅಷ್ಟು ವರ್ಷದ ಮುನಿಸು ಆ ದನಿಯಲ್ಲಿತ್ತು.

ಅವರು ಹೋದದ್ದು ಯಾಕೆಂದು ಹೇಳದೆಯೇ ಫೋನ್ ಇಟ್ಟೆ. ಮಾತು ಕೊಟ್ಟಿದ್ದೇನೆ. ಇನ್ನು ಹೇಳಬಹುದು ಎನ್ನಲು ಆಪಾ ಇಲ್ಲ.